‘ಪಾಪ, ಅದೊಂದಾದ್ರೂ ಇರಲಿ ಬಿಡಪ್ಪ’

ನಮ್ಮ ಕಡೆ ಸಿಗರೇಟು ಸೇದುವವನನ್ನು ಬೈಯೋಕೆ ಮನೆಮಂದಿಯೆಲ್ಲ ಮುಂದು. ಅದೇ ಅವನು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ತಿದ್ದಾನೆ ಅಂತ ಗೊತ್ತಾದರೆ ಸಾಕು, ಎಲ್ಲರೂ ಮೆತ್ತಗಾಗುತ್ತಾರೆ. ತುಮಕೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ವಿಷಯದಲ್ಲೂ ಹೀಗೇ ಆಯಿತು. ಫೋನಿನಲ್ಲಿ ನಾನು ಮಾತೆತ್ತಿದಾಗ ಚಿಕ್ಕಮ್ಮ ಹೇಳಿದ್ದು ಇಷ್ಟೇ: ‘ಪಾಪ, ಅದೊಂದಾದ್ರೂ ಇರಲಿ ಬಿಡಪ್ಪ. ಅದನ್ನೂ ಕಿತ್ಕೊಂಡ್ರೆ ಏನು ಮಾಡ್ಕೊಳ್ತಾನೋ.’

ತಾಯಿ ಕರುಳಿನ ಮಾತು, ಸರಿ. ಆದರೂ ನಾನು ಒಪ್ಪುವುದಿಲ್ಲ. ನಾನೀಗ ಇರುವ ಇಂಗ್ಲೆಂಡಿನಲ್ಲಿ ಇದೇ ಮಾತನ್ನು ಆಸ್ಪತ್ರೆಗಳೇ ಬಹಳ ಕಾಲ ಆಡಿದವು, ಆಮೇಲೆ ಬಿಟ್ಟವು. ಅದು ಹೇಗಾಯಿತು ಅಂತ ನಮ್ಮವರಿಗೂ ಗೊತ್ತಿರಬೇಕು.

2007ರ ಜುಲೈನಲ್ಲಿ ಇಲ್ಲಿ ಪಬ್ಬು, ಆಫೀಸು, ಹೋಟೆಲು ಎಲ್ಲದರ ಒಳಗೂ ಸೇದುವುದು ನಿಂತಿತು. ಮಾನಸಿಕ ಆಸ್ಪತ್ರೆಯ ವಾರ್ಡುಗಳಿಗೆ ಮಾತ್ರ ಇನ್ನೊಂದು ವರ್ಷ ರಿಯಾಯಿತಿ ಕೊಟ್ಟರು. ಅದು ಮುಗಿದ ಮೇಲೂ ಆವರಣದಲ್ಲಿ ಸೇದುವುದು ನಡೆದೇ ಇತ್ತು. ಆವರಣದಲ್ಲೂ ಬೇಡ, ಬಿಡೋದಕ್ಕೆ ನೆರವು ಕೊಡಿ ಅಂತ ಸರ್ಕಾರಿ ಮಾರ್ಗಸೂಚಿ ಬಂದದ್ದು 2013ರಲ್ಲಿ. ದಕ್ಷಿಣ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಬಳಗ 2014ರಲ್ಲಿ ಅದನ್ನು ಜಾರಿಗೆ ತಂದಾಗ ಎಲ್ಲರಿಗೂ ಒಂದೇ ಭಯ: ಸಿಗರೇಟು ಇಲ್ಲದೆ ರೋಗಿಗಳು ರೇಗಾಡಿ ಹೊಡೆದಾಟ ಜಾಸ್ತಿಯಾಗುತ್ತೆ ಅಂತ. ಆದದ್ದು ತಿರುಗಾಮುರುಗಾ. ವಾರ್ಡುಗಳಲ್ಲಿ ಹಲ್ಲೆಗಳು ಸುಮಾರು ಶೇ 39ರಷ್ಟು ಇಳಿದವು ಅಂತ 2017ರ ಅಧ್ಯಯನವೊಂದು ಲೆಕ್ಕ ಕೊಟ್ಟಿತು. ಯೋಚಿಸಿದರೆ ಆಶ್ಚರ್ಯವೇನಿಲ್ಲ. ‘ಈಗ ಬಿಡಿ’, ‘ಇನ್ನೂ ಟೈಮ್ ಆಗಿಲ್ಲ’ ಅನ್ನುವ ಜಗಳಕ್ಕೆ ಕಾರಣವಾಗುತ್ತಿದ್ದದ್ದೇ ಸಿಗರೇಟು ಅಲ್ವಾ?

ಸೇದಿದರೆ ಸಮಾಧಾನವಾಗುತ್ತೆ ಅನ್ನುವುದು ಸುಳ್ಳಲ್ಲ. ಆದರೆ ಎಂಥ ಸಮಾಧಾನ ಅದು? ಒಂದು ದಮ್ಮು ಎಳೆದ ಕೆಲವೇ ಸೆಕೆಂಡಿಗೆ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿದಂತೆಲ್ಲ ಚಡಪಡಿಕೆ, ಸಿಡುಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಇವೇ ಆತಂಕದ ಲಕ್ಷಣಗಳೂ ಹೌದು. ಕಾಯಿಲೆ ಯಾವುದು, ತಲಬು ಯಾವುದು ಅಂತ ಸೇದುವವನಿಗೇ ಗೊತ್ತಾಗುವುದಿಲ್ಲ. ಇನ್ನೊಂದು ಹಚ್ಚುತ್ತಾನೆ, ತಲಬು ಅಡಗುತ್ತದೆ, ಕಾಯಿಲೆಗೇ ಮದ್ದು ಸಿಕ್ಕಿತು ಅಂದುಕೊಳ್ಳುತ್ತಾನೆ.

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಬಿಟ್ಟು ಕೆಲವು ವಾರ ದಾಟಿದವರಲ್ಲಿ ಆತಂಕ, ಖಿನ್ನತೆ, ಒತ್ತಡ ಕಡಿಮೆಯಾಗಿತ್ತು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಅಷ್ಟೇ. ಮನಸ್ಸು ಸುಧಾರಿಸಿದವರೇ ಬಿಟ್ಟಿರಬಹುದಲ್ಲ ಅಂತ ವಾದ ಮಾಡಬಹುದು, ಮಾಡಿದವರೂ ಇದ್ದಾರೆ. ಆದರೆ ಬಿಟ್ಟರೆ ಹುಡುಗ ಕೆಟ್ಟುಹೋಗ್ತಾನೆ ಅನ್ನುವ ಚಿಕ್ಕಮ್ಮನ ಭಯಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. ಮೊದಲ ಕೆಲವು ವಾರ ಕಷ್ಟ. ಆಗ ಜೊತೆಗೆ ಯಾರಾದರೂ ಇರಬೇಕು.

ಆ ಜೊತೆ ಕೊಡುವುದರಲ್ಲಿ ಇಂಗ್ಲೆಂಡಿನ ರೀತಿ ನನಗೆ ಇಷ್ಟ. ಬಿಡಬೇಕು ಅಂತ ಹೋದವರ ಕೈಗೆ ಒಂದು ಪುಟ್ಟ ಯಂತ್ರ ಕೊಡುತ್ತಾರೆ. ಹದಿನೈದು ಸೆಕೆಂಡು ಉಸಿರು ಹಿಡಿದು ಕೊಳವೆಗೆ ನಿಧಾನಕ್ಕೆ ಊದಬೇಕು. ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಷ್ಟು ಅಂತ ತೋರಿಸುತ್ತದೆ. ಹತ್ತಕ್ಕಿಂತ ಕೆಳಗಿದ್ದರೆ ಸೇದಿಲ್ಲ ಅಂತ ಲೆಕ್ಕ. ಮುಂದಿನ ವಾರ ಮತ್ತೆ ಊದಬೇಕು. ಜಾಸ್ತಿ ಬಂದರೂ ‘ನಾಚಿಕೆ ಆಗಲ್ವಾ’ ಅನ್ನುವ ಉಪದೇಶ ಇಲ್ಲ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚು ಬದಲಿಸೋಣವಾ ಅಂತ ಕೇಳುತ್ತಾರೆ. ನಮ್ಮಲ್ಲಿ ಒಂದೋ ಬೈಗುಳ, ಇಲ್ಲವೇ ಪಾಪ ಅನ್ನುವ ಕನಿಕರ. ಇವೆರಡರ ನಡುವಿನದು ಅಪರೂಪ. ಹಾಗಂತ ಇಲ್ಲಿ ಎಲ್ಲ ಗೆದ್ದಾಯಿತು ಅಂತಲ್ಲ. 2023ರಲ್ಲಿ ಬ್ರಿಟನ್ನಿನ ವಯಸ್ಕರಲ್ಲಿ ಸೇದುವವರು ಶೇ 12ರಷ್ಟು. ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಈಗಲೂ ಅದಕ್ಕಿಂತ ಎಷ್ಟೋ ಜಾಸ್ತಿ.

ಮನೆಯವರು ತಿಳಿದಿರಲೇಬೇಕಾದ ಇನ್ನೊಂದು ವಿಷಯ ಇದೆ. ಕ್ಲೋಜಪಿನ್, ಓಲಾಂಜಪಿನ್‌ನಂಥ ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ಸೇದುವವರ ಲಿವರ್ ಬೇಗ ಕರಗಿಸಿಬಿಡುತ್ತದೆ. ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಅದಕ್ಕೇ ಸೇದುವವರಿಗೆ ಡೋಸ್ ಜಾಸ್ತಿ ಬೇಕಾಗಬಹುದು. ಏಕಾಏಕಿ ಬಿಟ್ಟರೆ ಅದೇ ಡೋಸ್ ರಕ್ತದಲ್ಲಿ ಏರಿ ಅಪಾಯವಾಗಬಹುದು. ಆದ್ದರಿಂದ ಬಿಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ಅಪ್ಪ ಅಮ್ಮನ ಎದುರು ಕೇಳಿದರೆ ನಮ್ಮ ಹುಡುಗರು ‘ಇಲ್ಲ ಸರ್, ಸೇದಲ್ಲ’ ಅಂತಾರೆ. ಡಾಕ್ಟರು ಮನೆಯವರನ್ನು ಎರಡು ನಿಮಿಷ ಹೊರಗೆ ಕೂರಿಸಿ ಕೇಳುವುದು ಒಳ್ಳೆಯದು.

ನಮ್ಮಲ್ಲಿ ಏನೂ ಇಲ್ಲ ಅಂತ ಗೊಣಗುವವನಲ್ಲ ನಾನು. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಇಲ್ಲಿ ಸಿಗರೇಟು ಬಿಡಲಿ ಅಂತ ವೇಪ್ (ಇ-ಸಿಗರೇಟು) ಕೊಡುತ್ತಾರೆ, ಭಾರತ ಅದನ್ನು 2019ರಲ್ಲೇ ನಿಷೇಧಿಸಿತು. ಅದರ ಕೊರತೆ ನನಗೇನೂ ದೊಡ್ಡದಾಗಿ ಕಾಣುವುದಿಲ್ಲ. ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಇದೆ. 2018ರಿಂದ ಪ್ರತಿ ಪ್ಯಾಕಿನ ಮೇಲೂ ಅಚ್ಚಾಗುತ್ತಿದೆ.

ಆದರೆ ಪ್ಯಾಕು ನೋಡುವವರು ಯಾರು? ಇಂಗ್ಲೆಂಡಿನಲ್ಲಿ 2017ರಿಂದ ಇಪ್ಪತ್ತಕ್ಕಿಂತ ಕಡಿಮೆ ಸಿಗರೇಟಿನ ಪ್ಯಾಕು ಮಾರುವಂತಿಲ್ಲ. ನಮ್ಮ ಗೂಡಂಗಡಿಯಲ್ಲಿ ‘ಒಂದು ಟೀ, ಒಂದು ಕಿಂಗ್’ ಅಂದರೆ ಸಾಕು, ಒಂದೇ ಒಂದು ಕೈಗೆ ಬರುತ್ತದೆ. ದಾರಕ್ಕೆ ಕಟ್ಟಿದ ಲೈಟರ್ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಎಚ್ಚರಿಕೆಯ ಚಿತ್ರವೂ, ಸಹಾಯವಾಣಿಯ ನಂಬರೂ ಅಂಗಡಿಯವನ ಹತ್ತಿರವೇ ಉಳಿಯುತ್ತವೆ. ಕರ್ನಾಟಕ 2017ರಲ್ಲೇ ಹೀಗೆ ಒಂದೊಂದಾಗಿ ಮಾರುವುದನ್ನು ನಿಷೇಧಿಸಿತು, ಮಾರಾಟ ಮಾತ್ರ ನಿಂತಿಲ್ಲ. ನಿಲ್ಲಿಸೋಕೆ ಆಗದಿದ್ದರೆ ಆ ನಂಬರನ್ನಾದರೂ ಲೈಟರ್ ನೇತುಹಾಕಿದ ಜಾಗದಲ್ಲೇ ದೊಡ್ಡದಾಗಿ ಕನ್ನಡದಲ್ಲಿ ಬರೆಸಬಹುದು. ನನ್ನ ತಮ್ಮನಿಗಂತೂ ನಾನೇ ವಾಟ್ಸಾಪಿನಲ್ಲಿ ಕಳಿಸಿದ್ದೇನೆ. ಚಿಕ್ಕಮ್ಮನಿಗೂ.