ಶುಕ್ರವಾರದ ಅಂಬೊಡೆ, ಭಾನುವಾರದ ಮಜ್ಜಿಗೆಹುಳಿ

ವರಮಹಾಲಕ್ಷ್ಮಿ ಹಬ್ಬ ಆಗಿ ಮೂರು ದಿನ. ನಮ್ಮನೆ ಫ್ರಿಜ್ ಬಾಗಿಲನ್ನ ಮಂಡಿ ಕೊಟ್ಟು ಒತ್ತಿ ಮುಚ್ಚೋದು ಇವತ್ತು ಬೆಳಗ್ಗೆಗೆ ತಪ್ತು. ಶುಕ್ರವಾರ ರಾತ್ರಿ ಏನೇನಿತ್ತು ಅಂತ ಹೇಳ್ತೀನಿ ಕೇಳಿ, 14 ಒಬ್ಬಟ್ಟು, ಒಂದು ಡಬ್ಬಿ ಹೂರಣ, ಒಂದು ಹಿಡಿ ಕಣಕ, 20ಕ್ಕೂ ಜಾಸ್ತಿ ಅಂಬೊಡೆ, ಅರ್ಧ ಪಾತ್ರೆ ಶಾವಿಗೆ ಪಾಯಸ (ಅಷ್ಟೊತ್ತಿಗೆ ಅದು ಪಾಯಸ ಆಗಿ ಉಳಿದಿರ್ಲಿಲ್ಲ, ಚಾಕು ಹಾಕಿ ಕುಯ್ಬೋದಿತ್ತು), ಕೋಸಂಬರಿ, ಪುಳಿಯೋಗರೆ ಗೊಜ್ಜು, ಅರಿಶಿನ ಕುಂಕುಮಕ್ಕೆ ಹೋದ ಕಡೆಯಿಂದೆಲ್ಲ ಬಂದ 11 ತೆಂಗಿನಕಾಯಿ, ಮೂರು ಡಜನ್ ಬಾಳೆಹಣ್ಣು, ವೀಳ್ಯದೆಲೆ ಕಟ್ಟುಗಟ್ಟಲೆ. ಬ್ಲೌಸ್ ಪೀಸ್ ಲೆಕ್ಕ ಬೇರೆ. ಹೋದ ವರ್ಷ ನಾನೇ ಯಾರಿಗೋ ಕೊಟ್ಟಿದ್ದ ಗಿಳಿಹಸಿರು ಪೀಸು ಊರೆಲ್ಲ ಸುತ್ತಿ ಈ ಸಲ ನನಗೇ ವಾಪಸ್ ಬಂತು.

ಮಿಕ್ಕಿದ್ದಕ್ಕೆ ಏನೇನ್ ಮಾಡಿದೆ ಅಂತ ಬರೀತೀನಿ, ಅದಕ್ಕೂ ಮೊದ್ಲು ಒಂದು ಪ್ರಶ್ನೆ. ನಿಮ್ಮನೇಲಿ ಹಬ್ಬದ ಮಾರನೇ ದಿನ ತಂಗಳು ತಿನ್ನೋದು ಯಾರು?

ನಮ್ಮನೇಲಿ, ಅಂದ್ರೆ ಮಂಡ್ಯದ ನಮ್ಮ ತವರಲ್ಲಿ, ಅಮ್ಮ. ನಮಗೆಲ್ಲ ಬಿಸಿಬಿಸಿ ಉಪ್ಪಿಟ್ಟು ಕೆದಕಿ ಹಾಕಿ ತಾನು ಒಲೆ ಪಕ್ಕ ನಿಂತ್ಕೊಂಡೇ ನೆನ್ನೆ ಚಿತ್ರಾನ್ನ ತಿಂತಿದ್ಲು, ತಟ್ಟೆಗೂ ಹಾಕ್ಕೊಳ್ತಿರ್ಲಿಲ್ಲ, ಪಾತ್ರೆಯಿಂದಾನೇ. ಕೇಳಿದ್ರೆ "ನಂಗೆ ತಂಗಳೇ ಇಷ್ಟ ಕಣೆ" ಅಂತಿದ್ಲು. ನಾನು 20 ವರ್ಷ ಅದನ್ನ ನಂಬ್ಕೊಂಡಿದ್ದೆ. ಮದುವೆಯಾದ ಮೊದಲನೇ ವರ್ಷ ಗಣೇಶನ ಹಬ್ಬದ ಮಾರನೇ ದಿನ, ನಾನೂ ಹಂಗೇ ಅಡುಗೆಮನೆ ಕಟ್ಟೆಗೆ ಒರಗಿ ತಣ್ಣನೆ ಅನ್ನ ನುಂಗ್ತಾ ಇದ್ದೆ, ಧಾರವಾಡದ ನಮ್ಮತ್ತೆ ನೀರು ಕುಡಿಯೋಕೆ ಅಂತ ಒಳಗೆ ಬಂದವರು ನೋಡಿದ್ರು. "ಯಾಕವಾ, ತಂಗಳಾ ಒಬ್ಬಾಕಿನ ತಿನ್ನಾಕತ್ತಿ? ತಿಂದ್ರ ಎಲ್ಲಾರೂ ತಿನ್ನೂಣು, ಇಲ್ಲಾಂದ್ರ ಯಾರಿಗೂ ಬ್ಯಾಡ" ಅಂದವರೇ ಪಾತ್ರೆ ಕಿತ್ಕೊಂಡು ಆ ಅನ್ನಕ್ಕೆ ಜೋಳದ ಹಿಟ್ಟು, ಸ್ವಲ್ಪ ಕಡಲೆ ಹಿಟ್ಟು, ಈರುಳ್ಳಿ, ಜೀರಿಗೆ, ಕೊತ್ತಂಬರಿ ಸೊಪ್ಪು ಎಲ್ಲ ಹಾಕಿ ಕಲಸಿ ತಾಲಿಪಟ್ಟು ತಟ್ಟಿದ್ರು. ಮನೆಯವರೆಲ್ಲ ಸಾಲಾಗಿ ಕೂತು ಬೆಣ್ಣೆ ಹಾಕ್ಕೊಂಡು ತಿಂದ್ರು. ನೆನ್ನೆ ಅನ್ನ ಅಂತ ಒಬ್ಬರೂ ಮೂಗು ಮುರೀಲಿಲ್ಲ. ಅವತ್ತಿಂದ ಅದೇ ನಮ್ಮನೆ ರೂಲು. ಮಿಕ್ಕಿದ್ದು ಇನ್ನೊಂದು ಅಡುಗೆಯಾಗಿ ಎಲ್ಲರ ತಟ್ಟೆಗೂ ಬರ್ಬೇಕು.

ಹಂಗೆ ನೋಡಿದ್ರೆ ನಮ್ಮ ಹಬ್ಬದ ಅಡುಗೇಲಿ ಈ ಬುದ್ಧಿ ಮೊದ್ಲಿಂದಾನೂ ಇದೆ. ಒಬ್ಬಟ್ಟಿಗೆ ಬೇಳೆ ಬೇಯಿಸಿ ಬಸಿದ ನೀರನ್ನ ಚೆಲ್ಲೋದು ಬಿಟ್ಟು ಅದಕ್ಕೆ ಒಂದು ಹಿಡಿ ಹೂರಣ, ಹುಣಸೆಹುಳಿ, ಸಾರಿನಪುಡಿ, ರುಬ್ಬಿದ ಕಾಯಿ ಹಾಕಿ ಒಬ್ಬಟ್ಟಿನ ಸಾರು ಮಾಡ್ತೀವಲ್ಲ, ಅತ್ತೆ ಕಡೆ ಅದನ್ನೇ ಕಟ್ಟಿನ ಸಾರು ಅಂತಾರೆ, ಕಟ್ಟು ಅಂದ್ರೆ ಆ ಬಸಿದ ನೀರೇ. ಬಸಿದು ಚೆಲ್ಲಬೋದಾಗಿದ್ದ ನೀರು ಒಬ್ಬಟ್ಟಿಗಿಂತ ಜಾಸ್ತಿ ಹೆಸರು ಮಾಡಿದೆ. ಅದೂ ಮೊದಲನೇ ದಿನಕ್ಕಿಂತ ಎರಡನೇ ದಿನ ರುಚಿ. ಯುಗಾದಿಯಲ್ಲಂತೂ ಹೊಸತೊಡಕು ಮಾಡೋ ಮನೆಗಳಲ್ಲಿ ಮಾರನೇ ದಿನ ಬಾಡೂಟ, ಒಬ್ಬಟ್ಟನ್ನ ಕೇಳೋರಿಲ್ಲ, ಮೂರನೇ ದಿನ ಸಾರಿಗೂ ಒಬ್ಬಟ್ಟಿಗೂ ಮತ್ತೆ ಮರ್ಯಾದೆ ಬರುತ್ತೆ.

ಸರಿ, ಅಂಬೊಡೆ. ಮಿಕ್ಕಿದ ಅಂಬೊಡೆಗೆ ಮಜ್ಜಿಗೆಹುಳಿಗಿಂತ ಒಳ್ಳೆ ಗತಿ ಇಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ, ಜಗಳಕ್ಕೆ ಬರೋರು ಬರ್ಬೋದು. ನೆನೆಸಿದ ಕಡಲೆಬೇಳೆ ಎರಡು ಚಮಚ, ಕಾಯಿತುರಿ, ಹಸಿಮೆಣಸಿನಕಾಯಿ, ಜೀರಿಗೆ, ಶುಂಠಿ, ಕೊತ್ತಂಬರಿ ಸೊಪ್ಪು ನುಣ್ಣಗೆ ರುಬ್ಬಿ, ಮೊದ್ಲು ನೀರಲ್ಲಿ ಕುದಿಸಿ ಹಸಿ ವಾಸನೆ ಹೋದ್ಮೇಲೆ ಉರಿ ಸಣ್ಣ ಮಾಡಿ ಕಡೆದ ಹುಳಿ ಮೊಸರು ಹಾಕ್ಬೇಕು, ಒಂದು ಉಕ್ಕು ಬರೋ ಹೊತ್ತಿಗೆ ಇಳಿಸ್ಬೇಕು, ಆಮೇಲೂ ಕುದಿಸ್ತಾ ಇದ್ರೆ ಒಡೆದು ನೀರು ಬೇರೆ ಮೊಸರು ಬೇರೆ ಆಗುತ್ತೆ. ಅಂಬೊಡೆ ಹಾಕೋದು ಊಟಕ್ಕೆ ಕೂರೋಕೆ ಒಂದು 10 ನಿಮಿಷ ಮುಂಚೆ. ಮುಂಚೆನೇ ಹಾಕಿದ್ರೆ ಕರಗಿ ಹಿಟ್ಟಾಗುತ್ತೆ, ಬಡಿಸೋವಾಗ ಹಾಕಿದ್ರೆ ಕಲ್ಲು. ಸಬ್ಬಸಿಗೆ ಸೊಪ್ಪು ಹಾಕಿ ಮಾಡಿದ ಅಂಬೊಡೆ ಆದ್ರೆ ಕೇಳೋದೇ ಬೇಡ, ಆ ಘಮ ಮಜ್ಜಿಗೆಹುಳಿಗೆಲ್ಲ ಇಳಿದಿರುತ್ತೆ. ಭಾನುವಾರ ಮಧ್ಯಾಹ್ನ ನಮ್ಮನೆಯವರು ಮೂರು ಸಲ ಹಾಕಿಸ್ಕೊಂಡ್ರು. ಶುಕ್ರವಾರ ಇದೇ ಅಂಬೊಡೆ "ಜಾಸ್ತಿ ಎಣ್ಣೆ" ಆಗಿತ್ತು ಅವರಿಗೆ.

ಹೂರಣ ಮಿಕ್ಕಿ ಕಣಕ ಖಾಲಿ ಆದ್ರೆ ಉಂಡೆ ಕಟ್ಟಿ ದೋಸೆ ಹಿಟ್ಟಲ್ಲಿ ಅದ್ದಿ ಕರೀರಿ, ಸುಕ್ಕಿನುಂಡೆ. ಕರಿಯೋದು ಬೇಡ ಅಂದ್ರೆ ಕಾಯಿಹಾಲಲ್ಲಿ ಕದಡಿ ಏಲಕ್ಕಿ ಹಾಕಿ ಒಂದು ಕುದಿ, ಬೇಳೆ ಪಾಯಸ ಆಯ್ತು. ಉಲ್ಟಾ ಆಗಿ ಕಣಕ ಮಿಕ್ಕಿದ್ರೆ ಉಪ್ಪು ಖಾರ ಓಂಕಾಳು ಸೇರಿಸಿ ಪೂರಿ. ಗಟ್ಟಿಯಾದ ಪಾಯಸನ ನನ್ನ ಮಗಳು ಹಾಲು ಸೇರಿಸಿ ಕುಲ್ಫಿ ಅಚ್ಚಿಗೆ ಹಾಕಿ ಫ್ರೀಜರಲ್ಲಿಟ್ಲು, ನಾನು ನಕ್ಕೆ, ಆಮೇಲೆ ಎರಡು ತಿಂದೆ. ಬಾಳೆಹಣ್ಣು ಸಿಪ್ಪೆ ಕಪ್ಪಾದ್ಮೇಲೇ ಬನ್ಸಿಗೆ ಲಾಯಕ್ಕು, ಮಂಗಳೂರು ಬನ್ಸು, ಹಣ್ಣು ಕಿವುಚಿ ಸಕ್ಕರೆ, ಮೊಸರು, ಜೀರಿಗೆ, ಚಿಟಿಕೆ ಸೋಡಾ, ಮೈದಾ ಹಾಕಿ ನಾದಿ ರಾತ್ರಿಯೆಲ್ಲ ಬಿಟ್ರೆ ಬೆಳಗ್ಗೆ ತಿಂಡಿ ರೆಡಿ. ಹಣ್ಣು ಎಷ್ಟು ಹಿಟ್ಟು ಕುಡಿಯುತ್ತೋ ಅಷ್ಟೇ ಹಾಕಿ, ನೀರು ಹಾಕ್ಬೇಡಿ. ವೀಳ್ಯದೆಲೆ ನಾಲ್ಕೈದು ತುಪ್ಪದಲ್ಲಿ ಬಾಡಿಸಿ ಕಾಯಿ ಜೀರಿಗೆ ಮೆಣಸಿನ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದ್ರೆ ತಂಬುಳಿ, ಮೂರು ದಿನ ತುಪ್ಪ ಎಣ್ಣೆ ತಿಂದ ಹೊಟ್ಟೆಗೆ ಹಿತ. ಕಳಸದ ಅಕ್ಕಿ ನಮ್ಮಲ್ಲಿ ಸಿಹಿ ಪೊಂಗಲ್ಲಿಗೇ ಹೋಗ್ಬೇಕು, ಕಳಸದ ಕಾಯಿ ಕೊಬ್ಬರಿ ಮಿಠಾಯಿಗೆ, ಅದಕ್ಕೆ ಖಾರ ಸೋಕಿಸೋ ಹಾಗಿಲ್ಲ ಅಂತ ಅಮ್ಮನ ಆರ್ಡರ್ ಇದೆ.

ಕೋಸಂಬರಿ ಮಾತ್ರ ಕಷ್ಟ. ಉಪ್ಪು ಹಾಕಿದ್ಮೇಲೆ ಸೌತೆಕಾಯಿ ನೀರು ಬಿಟ್ಟು ಬೇಳೆಯೆಲ್ಲ ಈಜಾಡ್ತಿರುತ್ತೆ. ಅವತ್ತು ರಾತ್ರಿನೇ ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದ್ರೆ ಉಂಟು, ಮಾರನೇ ದಿನಕ್ಕೆ ನಾನು ಇಡಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತಿದ್ದು ಅಂದ್ರೆ ಕಲಸಿಟ್ಟಿದ್ದು ಕೆಡುತ್ತೆ, ಬೇರೆ ಬೇರೆ ಇಟ್ಟಿದ್ದು ಬಾಳುತ್ತೆ. ಗೊಜ್ಜನ್ನ ಪೂರ್ತಿ ಅನ್ನಕ್ಕೆ ಸುರೀಬೇಡಿ, ಬೇಕಾದಷ್ಟೇ ಕಲಸಿ. ಕೋಸಂಬರಿಗೆ ನೆನೆಸಿದ ಬೇಳೆನ ಹಾಗೇ ಇಟ್ಟು ಪಂಕ್ತಿ ಪಂಕ್ತಿಗೆ ಉಪ್ಪು ಕಾಯಿ ನಿಂಬೆಹಣ್ಣು ಸೇರಿಸಿ. ಒಬ್ಬಟ್ಟೂ ಅಷ್ಟೇ, ಎಲ್ಲಾ ತಟ್ಟಿ ಬೇಯಿಸಿ ಗುಡ್ಡೆ ಹಾಕೋ ಬದಲು ಕೊನೇ ಒಂದಷ್ಟನ್ನ ಹೂರಣವಾಗೇ ಬಿಟ್ರೆ ನಾಲ್ಕು ದಾರಿ ತೆರೆದಿರುತ್ತೆ.

ಇನ್ನು ಈ ರೀಲ್ಸಲ್ಲಿ ಬರೋ ಹೋಳಿಗೆ ಚೀಸ್‌ಕೇಕು, ಒಬ್ಬಟ್ಟು ಟಾಕೋ, ನಾನೂ ಹೋದ ಯುಗಾದೀಲಿ ಒಂದು ಟ್ರೈ ಮಾಡಿದೆ. ಎರಡು ಒಬ್ಬಟ್ಟು ಖಾಲಿ ಮಾಡಕ್ಕೆ ಅಂಗಡಿಗೆ ಹೋಗಿ ಕ್ರೀಮು, ಚೀಸು, ಬಿಸ್ಕೆಟ್ಟು ಅಂತ ತಂದೆ, ಕೊನೆಗೆ ಅರ್ಧ ಡಬ್ಬಿ ಕ್ರೀಮು, ಮುಕ್ಕಾಲು ಚೀಸು, ಆ ಕೇಕು ಮೂರೂ ಮಿಕ್ತು. ಒಬ್ಬಟ್ಟನ್ನ ಕಾವಲಿ ಮೇಲೆ ತುಪ್ಪ ಹಾಕಿ ಗರಿಗರಿ ಮಾಡಿ ಬಿಸಿ ಹಾಲಲ್ಲಿ ಅದ್ದಿ ತಿನ್ನೋರಿಗೆ ಈ ಕಷ್ಟ ಇಲ್ಲ.

ಊಟ ವೇಸ್ಟ್ ಆಗೋದು ಅಂದ್ರೆ ನಾವು ಛತ್ರದ ಕಡೆ, ಹೋಟೆಲ್ ಕಡೆ ಬೆರಳು ತೋರಿಸ್ತೀವಿ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಪ್ರಪಂಚದ ಅಂಗಡಿ, ಹೋಟೆಲು, ಮನೆ ಮೂರೂ ಸೇರಿ ಬಿಸಾಕಿದ್ದರಲ್ಲಿ ಸುಮಾರು 60% ಮನೆಗಳದ್ದೇ. ಹಂಗಂತ ಎಲ್ಲಾನೂ ಉಳಿಸ್ಬೇಕು ಅಂತ ಹಠ ಮಾಡ್ಬೇಡಿ. ಅನ್ನ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಹೋಗಿಲ್ಲ ಅಂದ್ರೆ ಅದನ್ನ ಮರ್ತುಬಿಡಿ, ಹೊರಗಿಟ್ಟ ಅನ್ನದಲ್ಲಿ ಬೆಳೆಯೋ ಒಂದು ಜಾತಿ ಬ್ಯಾಕ್ಟೀರಿಯಾ ಬಿಡೋ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಹಸಿ ಕಾಯಿ ಹಾಕಿದ್ದಂತೂ ಮೂಸಿ ನೋಡೋಕೂ ಮುಂಚೆ ಹಳಸಿರುತ್ತೆ.

ಆಮೇಲೆ ಇನ್ನೊಂದು, ಇದು ಕೆಲವರಿಗೆ ಬೇಜಾರಾಗುತ್ತೆ, ಆಗ್ಲಿ. ನಾವ್ಯಾರೂ ಮುಟ್ಟದೆ ಬಿಟ್ಟಿದ್ದನ್ನ ಮೂರನೇ ದಿನ ಡಬ್ಬಿಗೆ ತುಂಬಿ ಮನೆ ಕೆಲಸದವರ ಕೈಗೆ ಕೊಡ್ತೀವಲ್ಲ, ಕೊಟ್ಟು ಪುಣ್ಯ ಬಂತು ಅಂದ್ಕೊಳ್ತೀವಲ್ಲ, ಅದೂ ನಮ್ಮಮ್ಮ ಕಟ್ಟೆ ಹತ್ರ ನಿಂತು ತಿಂದ ಚಿತ್ರಾನ್ನನೇ, ಆಳು ಬೇರೆ ಅಷ್ಟೇ. ಕೊಡೋದಾದ್ರೆ ಹಬ್ಬದ ದಿನ ಬಿಸಿ ಇರೋವಾಗ, ನೈವೇದ್ಯ ಆಗ್ತಿದ್ದ ಹಾಗೆ ಕೊಡಿ. ನಮ್ಮನೆಗೆ ಬರೋ ಅಕ್ಕ ಒಂದ್ಸಲ ನಗ್ತಾನೇ ಹೇಳಿದ್ರು, "ಹಬ್ಬ ಬಂದ್ರೆ ನಮ್ ಫ್ರಿಜ್ಜಲ್ಲಿ ಏಳು ಮನೆ ಅಂಬೊಡೆ ಇರ್ತವೆ ಮೇಡಂ". ನನಗೆ ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ.

ಹೋದ ವಾರ ಫೋನಲ್ಲಿ ಅಮ್ಮಂಗೆ ಕೇಳ್ದೆ, ನಿಜ ಹೇಳು, ನಿಂಗೆ ತಂಗಳು ಇಷ್ಟನಾ ಅಂತ. ಒಂದು ನಿಮಿಷ ಸುಮ್ನಿದ್ದು, "ಮೊಸರು ಇದ್ರೆ ಇಷ್ಟ" ಅಂದ್ಲು.

ಈಗ ಉಳಿದಿರೋದು ನಾಲ್ಕು ತೆಂಗಿನಕಾಯಿ. ಎರಡನ್ನ ತುರಿದು ಫ್ರೀಜರಿಗೆ ಹಾಕ್ತೀನಿ, ಇನ್ನೆರಡು ಗಣೇಶ ಬರೋವರೆಗೆ ಜುಟ್ಟು ಕೀಳದೆ ಇಟ್ಟಿರ್ತೀನಿ, ಕಡುಬಿನ ಹೂರಣಕ್ಕೆ ಆಗುತ್ತೆ. ಆ ಗಿಳಿಹಸಿರು ಬ್ಲೌಸ್ ಪೀಸು ಯಾರಿಗಾದ್ರೂ ನಿಜವಾಗ್ಲೂ ಹೊಲಿಸ್ಕೊಳ್ಳೋಕೆ ಬೇಕಿದ್ರೆ ಹೇಳಿ.