37 ಚುಕ್ಕಿ, 2 ತೂತು

ಬೆಳಿಗ್ಗೆ ಆರು ಗಂಟೆಗೆ ಮಲ್ಲೇಶ್ವರದ ಯಾವ ಅಡ್ಡರಸ್ತೆಗೆ ಹೋದರೂ ಗೇಟಿನ ಮುಂದೆ ಒಬ್ಬರಾದರೂ ಬಗ್ಗಿರುತ್ತಾರೆ. "ಏನ್ರೀ, ಈ ರಂಗೋಲಿಯ ಒಳಾರ್ಥ ಏನು?" ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿರುತ್ತದೆ.

ರಂಗೋಲಿ ಕೇಳುವುದು ನೆಲದ ಹದ. ನೀರು ಚಿಮುಕಿಸಿ ಐದು ನಿಮಿಷ ಬಿಡಬೇಕು. ನೆಲ ಪೂರ್ತಿ ಒಣಗಿದ್ದರೆ ಮೊದಲ ಸ್ಕೂಟರಿನ ಗಾಳಿಗೇ ಎಳೆ ಎದ್ದುಹೋಗುತ್ತದೆ. ನೀರು ನಿಂತಿದ್ದರೆ ಹರಡಿ ಹೆಬ್ಬೆರಳಷ್ಟು ದಪ್ಪವಾಗುತ್ತದೆ. ಚರಂಡಿ ಮೇಲಿನ ಹಳೇ ಚಪ್ಪಡಿ ಕಲ್ಲು ಇದಕ್ಕೆ ಹೇಳಿಮಾಡಿಸಿದ ಜಾಗ, ಒರಟು ಮೈ ಪುಡಿಯನ್ನು ಹಿಡಿದುಕೊಳ್ಳುತ್ತದೆ. ಪಾಲಿಶ್ ಗ್ರಾನೈಟಿನ ಮೇಲೆ ಪುಡಿ ಜಾರುತ್ತದೆ, ಪುಡಿಯ ಮೇಲೆ ಹಾಲಿನ ಹುಡುಗ ಜಾರುತ್ತಾನೆ.

ಏಳರಿಂದ ನಾಲ್ಕರ ಸಂದುಚುಕ್ಕಿಯನ್ನೇ ತೆಗೆದುಕೊಳ್ಳಿ. ನಡುವಿನ ಸಾಲಿಗೆ 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37. ಚುಕ್ಕಿಯಿಂದ ಚುಕ್ಕಿಗೆ ಎರಡು ಬೆರಳು ಅಂತರ. ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೇ ಬೀಳಬೇಕು. ಒಳಗೆ ಕುಕ್ಕರ್ ಎರಡನೇ ವಿಷಲ್ ಹಾಕಿದಾಗ ಎಣಿಕೆ ತಪ್ಪುತ್ತದೆ. 36 ಇಟ್ಟಿದ್ದು ಗೊತ್ತಾಗುವುದು ಕೊನೆಯ ಎಸಳಿನಲ್ಲಿ. ಆಗ ಒರೆಸಲು ಹೋಗಬಾರದು, ಒದ್ದೆ ನೆಲದಲ್ಲಿ ಬಿಳಿ ಮಬ್ಬು ಹಾಗೇ ಕೂತುಬಿಡುತ್ತದೆ. ಚುಕ್ಕಿ ಸಿಗದೆ ಮೊಟಕಾದ ಎಸಳಿನ ತುದಿಗೆ ಒಂದು ಮೊಗ್ಗು ಬರೆದು, ಉಳಿದ ಐದಕ್ಕೂ ಅದನ್ನೇ ಬರೆದರೆ ಮುಗಿಯಿತು, ತಪ್ಪು ಡಿಸೈನ್ ಆಯಿತು. ಮಾರನೇ ದಿನ ಪಕ್ಕದ ಮನೆಯ ಮುಂದೆಯೂ ಅದೇ ಮೊಗ್ಗು ಅರಳಿರುತ್ತದೆ.

ಅರ್ಥ ಬೇಕೇ ಬೇಕೆನ್ನುವವರಿಗೆ ವಾಟ್ಸಾಪ್ ಇದೆ: ರಂಗೋಲಿ ಎಂದರೆ ಇರುವೆಗಳಿಗೆ ಅನ್ನದಾನ. ಅಕ್ಕಿ ಹಿಟ್ಟಿನಲ್ಲಿ ಹಾಕುವವರ ಮಟ್ಟಿಗೆ ಸರಿ. ಅಂಗಡಿಯಿಂದ ತರುವ ರಂಗೋಲಿ ಪುಡಿ ಕಲ್ಲಿನದು. ಇರುವೆ ಬಂದು, ಮೂಸಿ, ಮುಂದಿನ ಮನೆಗೆ ಹೋಗುತ್ತದೆ. ಅಷ್ಟಾದರೂ ಯಾರೂ ರಂಗೋಲಿ ಹಾಕುವುದನ್ನು ಬಿಟ್ಟಿಲ್ಲ.

ಇದೇ ರಂಗೋಲಿಯನ್ನು ಸೀರೆ ಎತ್ತಿ ಹಿಡಿದು ಹುಷಾರಾಗಿ ದಾಟಿ ಬಂದ ಅತ್ತೆ, ಹಿಂದೆಯೇ ಬಂದ ಮಾವ, ಹಾಲ್‌ನ ಗೋಡೆಯ ಮೇಲೆ ತೂಗುಹಾಕಿದ ನೀಲಿ ಬಣ್ಣದ ಅಮೂರ್ತ ಕಲಾಕೃತಿಯ ಮುಂದೆ ಮಾತ್ರ ಗಕ್ಕನೆ ನಿಲ್ಲುತ್ತಾರೆ. "ಇದೇನೋ ಇದು? ಅರ್ಥ ಏನಂತೆ? ಎಷ್ಟು ಕೊಟ್ಟೆ?" ಪ್ರಶ್ನೆಗಳು ಬರುವುದು ಇದೇ ಕ್ರಮದಲ್ಲಿ.

ಇಂಥ ಚಿತ್ರಗಳು ಸಾಮಾನ್ಯವಾಗಿ ಬರುವುದು ಚಿತ್ರಸಂತೆಯಿಂದ. ಚಿತ್ರಕಲಾ ಪರಿಷತ್ತಿನವರು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಗಾಡಿ ಓಡಾಟ ನಿಲ್ಲಿಸಿ ನಡೆಸುವ ಸಂತೆ ಅದು. ಅಲ್ಲಿಯೂ ಗಿರಾಕಿ ಮೊದಲು ಕೇಳುವುದು ಅರ್ಥವನ್ನೇ. "ಅಸ್ತಿತ್ವದ ತಳಮಳ" ಎಂದರೆ ಚೌಕಾಸಿಗೆ ಬಾಯಿ ಬರುವುದಿಲ್ಲ. "ನೀಲಿ ಬಣ್ಣ ಮಿಕ್ಕಿತ್ತು ಸಾರ್" ಎಂದು ನಿಜ ಹೇಳಿದ ಕಲಾವಿದನಿಗೆ ಅರ್ಧ ಬೆಲೆ.

ಕೊಂಡ ಮೇಲಿನ ತಳಮಳ ಬೇರೆ. ಆಟೋದಲ್ಲಿ ಕ್ಯಾನ್ವಾಸನ್ನು ಡ್ರೈವರ್ ಹಿಂದಿನ ಕಂಬಿಗೆ ಒರಗಿಸಿದರೆ ಮೊದಲ ರಸ್ತೆಯುಬ್ಬಿಗೇ ನಡುವೆ ಗುಳಿ ಬೀಳುತ್ತದೆ. ಅಕ್ರಿಲಿಕ್ ಆದರೆ ಹಿಂಬದಿಗೆ ತೆಳ್ಳಗೆ ನೀರು ಚಿಮುಕಿಸಿ ಒಣಗಲು ಬಿಡಿ, ಬಟ್ಟೆ ಬಿಗಿದುಕೊಂಡು ಗುಳಿ ಏಳುತ್ತದೆ. ಬಚ್ಚಲುಮನೆಯ ಗೋಡೆಯ ಬೆನ್ನಿಗಂತೂ ನೇತುಹಾಕಬೇಡಿ, ಸದಾ ತೇವವಿದ್ದರೆ ಕ್ಯಾನ್ವಾಸ್ ಜೋಲುತ್ತದೆ.

ಎಲ್ಲರೂ ಎಡವುವುದು ಮೊಳೆಯಲ್ಲಿ. ಚಿತ್ರದ ನಡುಭಾಗ ನೆಲದಿಂದ 57 ಇಂಚಿಗೆ ಬಂದರೆ ಕಣ್ಣಿಗೆ ಹಿತ, ಗ್ಯಾಲರಿಗಳಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ. ಅದನ್ನು ಓದಿದವರು ನೇರವಾಗಿ 57ಕ್ಕೇ ಡ್ರಿಲ್ ಇಡುತ್ತಾರೆ. ಆದರೆ ಚಿತ್ರ ನೇತಾಡುವುದು ಹಿಂದಿನ ತಂತಿಯಿಂದ. 24 ಇಂಚು ಎತ್ತರದ ಫ್ರೇಮು, ತಂತಿಯನ್ನು ಮೇಲಕ್ಕೆಳೆದಾಗ ಫ್ರೇಮಿನ ಮೇಲಂಚಿನಿಂದ 5 ಇಂಚು ಕೆಳಗೆ ನಿಲ್ಲುತ್ತದೆ ಎನ್ನಿ. 57ಕ್ಕೆ ಅರ್ಧ ಎತ್ತರ 12 ಕೂಡಿಸಿ, 5 ಕಳೆದರೆ 64. ಮೊಳೆಯ ಜಾಗ ಅದು. 57ಕ್ಕೇ ಹೊಡೆದರೆ ಚಿತ್ರ 7 ಇಂಚು ಕೆಳಗಿಳಿದು, ಸೋಫಾದಲ್ಲಿ ಕೂತ ಪ್ರತಿಯೊಬ್ಬರ ಕೊಬ್ಬರಿ ಎಣ್ಣೆಯನ್ನೂ ಸ್ವೀಕರಿಸುತ್ತದೆ. ಎರಡನೇ ತೂತು 64ಕ್ಕೆ. ಮೊದಲನೆಯದು ಚಿತ್ರದ ನಟ್ಟನಡುವಿನ ಹಿಂದೆ ಅಚ್ಚುಕಟ್ಟಾಗಿ ಅಡಗುತ್ತದೆ. ಚಿತ್ರದ ಒಳಗೇನಿದೆ ಎಂದು ಕೇಳುವವರಿಗೆ ಅದನ್ನೇ ತೋರಿಸಬಹುದು.

ತಲೆಕೆಳಗಾಗಿ ಹಾಕಿದ್ದರೂ ನಾಚಿಕೆ ಬೇಡ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಫ್ರೆಂಚ್ ಕಲಾವಿದ ಮಾತೀಸ್ ಅವರ ದೋಣಿಯ ಚಿತ್ರ 47 ದಿನ ಮಗುಚಿಕೊಂಡೇ ಇತ್ತು. ಡಚ್ ಕಲಾವಿದ ಮೊಂಡ್ರಿಯಾನ್ ಅವರ ಬಣ್ಣದ ಟೇಪಿನ ಕೃತಿಯೊಂದು 1945ರಿಂದಲೂ ತಲೆಕೆಳಗಾಗಿ ತೂಗುತ್ತಿದೆ ಎಂಬ ಮಾತು ಎದ್ದದ್ದು 2022ರಲ್ಲಿ. ಈಗ ತಿರುಗಿಸಿದರೆ ಟೇಪ್ ಕಿತ್ತುಬಂದೀತೆಂದು ಹಾಗೇ ಬಿಟ್ಟಿದ್ದಾರೆ.

ಯಾವ ಕಡೆ ಮೇಲು ಎಂದು ತಿಳಿಯಲು ನಮ್ಮಲ್ಲಿ ಅಷ್ಟು ಕಾಯಬೇಕಾಗಿಲ್ಲ. ಯಾವ ಅಮೂರ್ತ ಚಿತ್ರವಾದರೂ ಸರಿ, ಬಂದವರಲ್ಲಿ ಒಬ್ಬರಿಗೆ ಅದರಲ್ಲಿ ಗಣಪತಿ ಕಂಡೇ ಕಾಣುತ್ತಾನೆ. ಒಂದು ಡೊಂಕು ಗೆರೆ ಸಾಕು, ಸೊಂಡಿಲು ಸಿಕ್ಕಿತು. ಕಾಫಿ ಬರುವಷ್ಟರಲ್ಲಿ ಮಾವ ಗಣಪತಿಯನ್ನು ಹುಡುಕಿ, ಸಮಾಧಾನವಾಗಿ ಕೂತಿರುತ್ತಾರೆ. ಆಮೇಲೆ ಚಿತ್ರವನ್ನು ತಿರುಗಿಸಿ ಹಾಕುವ ಯೋಚನೆ ಬಂದರೆ ಸ್ವಲ್ಪ ನೋಡಿಕೊಳ್ಳಿ. ಎಡಮುರಿ ಬಲಮುರಿಯಾದರೆ ಮಡಿ ಜಾಸ್ತಿ.