ರಿಜಿಸ್ಟರಲ್ಲಿ ‘ಕನ್ನಡ-1, ಕನ್ನಡ-2’

ನಮ್ಮೂರ ಲೈಬ್ರರಿಯ ಸ್ಟಾಕ್ ರಿಜಿಸ್ಟರ್ ಒಮ್ಮೆ ತೆರೆದು ನೋಡಿದ್ದೆ. ಮಲಯಾಳ ಪುಸ್ತಕಗಳಿಗೆಲ್ಲ ಹೆಸರು, ಬರ್ದವರು, ಪ್ರಕಾಶಕರು, ಬೆಲೆ ಎಲ್ಲ ಚಂದ ಮಾಡಿ ಬರ್ದಿತ್ತು, ಕೆಳಗೆ ಬರ್ತಾ ಬರ್ತಾ ‘ಕನ್ನಡ-1, ಕನ್ನಡ-2, ಕನ್ನಡ-3’ ಅಂತ ಇನ್ನೂರು ದಾಟುವ ತನಕ ಅದೇ, ಹೆಸರೂ ಇಲ್ಲ ಎಂತದ್ದೂ ಇಲ್ಲ, ಬೆಲೆ ಮಾತ್ರ ಉಂಟು. ನಮ್ಮಮ್ಮ ಪಕ್ಕದ ಮನೆ ಹುಡುಗನ ಹತ್ರ ‘ಒಂದು ಕನ್ನಡ ಕಾದಂಬರಿ ತಾ’ ಅಂತ ಹೇಳಿ ಕಳಿಸ್ತಿದ್ರು, ಒಂದೇ ಕಾದಂಬರಿ ಮೂರು ಸಲ ಮನೆಗೆ ಬಂದದ್ದು ಯಾಕೆ ಅಂತ ನನಗೆ ಅವತ್ತು ಗೊತ್ತಾಯ್ತು.

ಯಾವ ಲೈಬ್ರರಿ ಅಂತ ಕೇಳ್ಬೇಡಿ, ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯದ್ದು ಅಂತ ಇಟ್ಕೊಳ್ಳಿ. ಲೈಬ್ರರಿಯನ್ ಮದುವೆಯಾಗಿ ಪಯ್ಯನ್ನೂರು ಕಡೆಯಿಂದ ಬಂದವರು, ಮಕ್ಕಳಿಗೆಲ್ಲ ಚೇಚಿ, ಅಂದ್ರೆ ಮಲಯಾಳದಲ್ಲಿ ಅಕ್ಕ. ಒಳ್ಳೆ ಮನುಷ್ಯರು, ಉದಾಸೀನ ಅಂತ ಖಂಡಿತ ಹೇಳ್ಲಿಕ್ಕಾಗುದಿಲ್ಲ. ಲೈಬ್ರರಿ ಸಯನ್ಸ್ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ದಾರೆ, ಪುಸ್ತಕಗಳನ್ನ ವಿಷಯದ ಪ್ರಕಾರ ನಂಬರ್ ಹಾಕಿ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಮಲಯಾಳ ಸಾಹಿತ್ಯಕ್ಕೆ 894.812, ಕನ್ನಡ ಸಾಹಿತ್ಯಕ್ಕೆ 894.814 ಅಂತ ನನಗೆ ಹೇಳಿಕೊಟ್ಟದ್ದೇ ಅವರು. ನಂಬರ್ ಬಾಯಿಪಾಠ ಉಂಟು, ಆದ್ರೆ ಆ ನಂಬರ್ ಹಾಕ್ಬೇಕಾದ ಪುಸ್ತಕದ ಹೆಸರು ಓದ್ಲಿಕ್ಕೆ ಬರುದಿಲ್ಲ. ನನ್ನ ತಕರಾರು ಇದೇ ನೋಡಿ, ಲೈಬ್ರರಿಯನ್ನನ್ನ ತಯಾರು ಮಾಡುವಾಗ ಪುಸ್ತಕ ಹೇಗೆ ಜೋಡಿಸ್ಬೇಕು ಅಂತ ಕಲಿಸ್ತಾರೆ, ಎದುರು ಬಂದು ನಿಂತವರು ಯಾರು, ಅವರ ಕಣ್ಣಿಗೆ ಯಾವ ಅಕ್ಷರ ಓಡ್ತದೆ ಅಂತ ತಿಳ್ಕೊಳ್ಳುದು ಕಲಿಸುದಿಲ್ಲ.

ನಮ್ಮ ಕಾಸರಗೋಡಲ್ಲಿ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಸಪ್ತ ಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಎಲ್ಲರೂ ಹೇಳ್ತಾರೆ, ಲೈಬ್ರರಿ ಕೌಂಟರಿನಲ್ಲಿ ಅದರ ಅರ್ಥ ಎಂತ ಅಂತ ಯಾರೂ ನೋಡ್ಲಿಲ್ಲ. ಇಲ್ಲಿ ಮನೆಮಾತು ಬೇರೆ, ಓದುವ ಲಿಪಿ ಬೇರೆ. ತುಳು ಮಾತಾಡುವ ಅಜ್ಜ ಓದುದು ಕನ್ನಡ. ಕೊಂಕಣಿ ಮನೆಯವರೂ, ಮರಾಠಿ ಮಾತಾಡುವ ನಾಯ್ಕರ ಮನೆಯವರೂ ಹಳಬರಾದ್ರೆ ಹೆಚ್ಚಾಗಿ ಕನ್ನಡವೇ. ಬ್ಯಾರಿ ಮನೆಯಲ್ಲಿ ಅಪ್ಪನಿಗೆ ಕನ್ನಡ, ಮಗಳಿಗೆ ಮಲಯಾಳ, ಅಜ್ಜಿಗೆ ಅರಬಿ ಅಕ್ಷರ ಮಾತ್ರ, ಅಂಥ ಮನೆ ನಾನೇ ಕಂಡಿದ್ದೇನೆ. ನನ್ನ ಅಕ್ಕನ ಮಗ ಮನೆಯಲ್ಲಿ ಅಪ್ಪಟ ಕನ್ನಡ ಮಾತಾಡ್ತಾನೆ, ಇಂಗ್ಲಿಷ್ ಮೀಡಿಯಂ, ಕನ್ನಡ ಅಕ್ಷರ ಕೂಡಿಸಿ ಓದ್ಬೇಕು. ಹಾಗಾಗಿ ಮಾತು ಕೇಳಿ ಪುಸ್ತಕ ಕೊಟ್ರೆ ಅರ್ಧ ಸಲ ತಪ್ಪಿ ಹೋಗ್ತದೆ, ‘ನೀವು ಯಾವುದರಲ್ಲಿ ಓದ್ತೀರಿ’ ಅಂತ ಕೇಳುವ ಅಭ್ಯಾಸ ಬೇಕು, ಅದನ್ನ ಟ್ರೈನಿಂಗಲ್ಲೇ ಹಾಕ್ಬೇಕು. ಯಕ್ಷಗಾನ ಪ್ರಸಂಗ ಪುಸ್ತಕ ಅಂದ್ರೆ ಎಂತ, ಅದನ್ನ ಯಾರು ಹುಡುಕಿಕೊಂಡು ಬರ್ತಾರೆ ಅಂತ ಗೊತ್ತಿರ್ಬೇಕು, ಪ್ರಸಂಗ ಬರ್ದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ರ ಇರುವಾಗ ಪ್ರಸಂಗಗಳನ್ನ ‘ಮತ ಗ್ರಂಥ’ ಅಂತ ಮೇಲಿನ ಕಪಾಟಿನಲ್ಲಿ ಇಟ್ಟದ್ದು ನೋಡಿ ನಗು ಬಂತು.

ಇನ್ನು ಹೋಲಿಕೆಗೆ ಬರ್ತೇನೆ. ಕೇರಳದ್ದು ಜನರ ಲೈಬ್ರರಿ, ಅದನ್ನ ಒಪ್ಪಲೇಬೇಕು. ಪಿ.ಎನ್. ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನ ಲೈಬ್ರರಿಗಳನ್ನ ಸಂಘ ಅಂತ ಕಟ್ಟಿದ್ರು, 1989ರ ಕಾಯ್ದೆಯಿಂದ ಲೈಬ್ರರಿ ಕೌನ್ಸಿಲ್ ಆಯ್ತು, ಊರಿನ ಮೆಂಬರ್‌ಗಳೇ ಕಮಿಟಿ ಆರಿಸ್ತಾರೆ, ಹೆಂಗಸರು ಪುಸ್ತಕ ಚೀಲ ಹಾಕ್ಕೊಂಡು ಮನೆಮನೆಗೆ ಹೋಗಿ ಕೊಡುವ ಯೋಜನೆಯೂ ಉಂಟು. ಗಡಿಯ ತಲಪಾಡಿ ದಾಟಿದ್ರೆ 1965ರ ಕರ್ನಾಟಕದ ಕಾಯ್ದೆ, ಆಸ್ತಿ ತೆರಿಗೆಯಲ್ಲಿ ನೂರಕ್ಕೆ 6 ಗ್ರಂಥಾಲಯ ಕರ, ಪಂಚಾಯತ್ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋಗಿ ಈಗ ‘ಅರಿವು ಕೇಂದ್ರ’, ಅಲ್ಲಿ ಇರುವವರು ಮೇಲ್ವಿಚಾರಕರು. ಅಲ್ಲಿ ಕಮಿಟಿ ಗಲಾಟೆ ಇಲ್ಲ, ಊರವರಿಗೆ ‘ಇದು ನಮ್ಮದು’ ಅನ್ನುವುದೂ ಅಷ್ಟು ಕಾಣ್ಲಿಲ್ಲ ನನಗೆ. ಹಾಗಂತ ಕನ್ನಡನಾಡಲ್ಲಿ ಎಲ್ಲ ಸರಿ ಉಂಟು ಅಂತ ಅಲ್ಲ. ನಾನು ಎಂಟು ವರ್ಷ ಬೆಂಗಳೂರಲ್ಲಿ ಇದ್ದೆ, ನಮ್ಮ ಏರಿಯಾದ ಲೈಬ್ರರಿಗೆ ಪಕ್ಕದ ಮನೆ ತಮಿಳು ತಾತ ದಿನಾ ಬರ್ತಿದ್ರು, ತಮಿಳು ಪೇಪರ್ ತರಿಸಿ ಅಂತ ಕೇಳಿದ್ದಕ್ಕೆ ಸಿಕ್ಕಿದ ಉತ್ತರ ‘ಇಲ್ಲಿ ಬಂದ್ಮೇಲೆ ಕನ್ನಡ ಕಲೀರಿ’. ತಾತನಿಗೆ ಎಪ್ಪತ್ತೆಂಟು. ಅವತ್ತು ನಾನು ಎಂತದ್ದೂ ಹೇಳ್ಲಿಲ್ಲ, ಊರಿಗೆ ಬಂದು ಈ ರಿಜಿಸ್ಟರ್ ನೋಡಿದ ಮೇಲೆ ಅವರ ನೆನಪು ಬಂತು.

ಇದು ನನ್ನ ತಲೆಯ ಹೊಸ ಆಲೋಚನೆ ಏನಲ್ಲ. ಐಫ್ಲಾ ಅಂತ ಲೈಬ್ರರಿಗಳ ಅಂತರರಾಷ್ಟ್ರೀಯ ಒಕ್ಕೂಟ ಉಂಟು, ಬಹುಸಂಸ್ಕೃತಿಯ ಲೈಬ್ರರಿ ಹೇಗಿರ್ಬೇಕು ಅಂತ ಅವರು ಮಾಡಿದ ಪ್ರಣಾಳಿಕೆಗೆ 2009ರಲ್ಲಿ ಯುನೆಸ್ಕೊ ಕೂಡ ಒಪ್ಪಿಗೆ ಕೊಟ್ಟಿದೆ. ಜನರಿಗೆ ಬೇಕಾದ ಭಾಷೆ, ಲಿಪಿಯಲ್ಲಿ ಸೇವೆ ಕೊಡಿ, ಆ ಜನರ ನಡುವಿಂದಲೇ ಸಿಬ್ಬಂದಿ ತೆಗೊಳ್ಳಿ, ಅವರಿಗೆ ತರಬೇತಿ ಕೊಡಿ ಅಂತ ಅದ್ರಲ್ಲಿ ಉಂಟು. ನ್ಯೂಯಾರ್ಕಿನ ಕ್ವೀನ್ಸ್ ಲೈಬ್ರರಿ 1977ರಿಂದಲೇ ಹೊಸತಾಗಿ ಬಂದವರಿಗೆ ಅಂತ ಬೇರೆಯೇ ಕಾರ್ಯಕ್ರಮ ನಡೆಸ್ತಾ ಬಂದಿದೆ. ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ 1997ರಲ್ಲಿ ಸ್ಪೆಕ್ಟ್ರಮ್ ಅಂತ ಸ್ಕಾಲರ್‌ಶಿಪ್ ಶುರು ಮಾಡಿದ್ದು ಕೂಡ ಅಲ್ಪಸಂಖ್ಯಾತ ಸಮುದಾಯದ ಮಕ್ಕಳೇ ಲೈಬ್ರರಿಯನ್ ಆಗ್ಲಿ ಅಂತ. ಅಷ್ಟು ದೂರ ಯಾಕೆ, 1931ರಲ್ಲಿ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಅಂತ ಸೂತ್ರ ಬರ್ದ ಎಸ್.ಆರ್. ರಂಗನಾಥನ್ 1917ರಲ್ಲಿ ಕೆಲ್ಸ ಶುರು ಮಾಡಿದ್ದು ಮಂಗಳೂರಿನ ಸರ್ಕಾರಿ ಕಾಲೇಜಲ್ಲಿ ಗಣಿತ ಮಾಷ್ಟ್ರಾಗಿ, ಆಗ ಕಾಸರಗೋಡೂ ಅದೇ ದಕ್ಷಿಣ ಕನ್ನಡ ಜಿಲ್ಲೆ.

ಕೇರಳದಲ್ಲಿ ಹೊರಗಿಂದ ಬಂದ ಕೆಲ್ಸದವರಿಗೆ ಮಲಯಾಳ ಕಲಿಸ್ಲಿಕ್ಕೆ ಸಾಕ್ಷರತಾ ಮಿಷನ್ನಿನ ‘ಚಂಗಾತಿ’ ಉಂಟು, ಒಳ್ಳೆದೇ. ಅದೇ ತರ ಕಾಸರಗೋಡು, ಮಂಜೇಶ್ವರ ತಾಲೂಕಿನ ಲೈಬ್ರರಿಯನ್‌ಗಳಿಗೆ ಒಂದು ತಿಂಗಳು ಕನ್ನಡ ಅಕ್ಷರ ಕಲಿಸಿದ್ರೆ ಎಂತ ಹೋಗ್ತದೆ? ಪಂಡಿತರಾಗುದು ಬೇಡ, ಪುಸ್ತಕದ ಬೆನ್ನಿನ ಮೇಲಿನ ಹೆಸರು ಓದ್ಲಿಕ್ಕೆ ಬಂದ್ರೆ ಸಾಕು. ನಮ್ಮವರಿಗೂ ಎರಡು ಮಾತು ಹೇಳ್ಬೇಕು. ಯಕ್ಷಗಾನ ಸಂಘಕ್ಕೆ, ದೇವಸ್ಥಾನದ ಕಮಿಟಿಗೆ ಜಗಳ ಮಾಡಿ ಸೇರ್ತೇವೆ, ಲೈಬ್ರರಿಯ ಮಹಾಸಭೆಗೆ ಬನ್ನಿ ಅಂದ್ರೆ ಅಡಿಕೆ ಸುಲಿಲಿಕ್ಕುಂಟು ಅಂತೇವೆ. ಕಮಿಟಿಯಲ್ಲಿ ಕನ್ನಡ ಓದುವವ ಒಬ್ಬನೂ ಇಲ್ಲದಿದ್ರೆ ಪುಸ್ತಕೋತ್ಸವದಲ್ಲಿ ಗ್ರಾಂಟಿನ ದುಡ್ಡಿಗೆ ಯಾವ ಪುಸ್ತಕ ಬರ್ತದೆ ಅಂತ ಹೇಳ್ಬೇಕಾ? ನಾನೂ ಮೆಂಬರ್ ಆದದ್ದು ಆ ರಿಜಿಸ್ಟರ್ ನೋಡಿದ ಮೇಲೆಯೇ.

ಮತ್ತೆ ಚೇಚಿಯೂ ನಾನೂ ಐದು ಆದಿತ್ಯವಾರ ಕೂತು ಇನ್ನೂರು ಚಿಲ್ಲರೆ ಪುಸ್ತಕಕ್ಕೆ ಹೆಸರು ಬರ್ದೆವು, ನಾನು ಓದುದು, ಅವರು ಮಲಯಾಳದಲ್ಲೂ ಪಕ್ಕದಲ್ಲಿ ಕನ್ನಡದಲ್ಲೂ ಬರೆಯುದು. ಮೊದಲ ವಾರ ತಲೆಕಟ್ಟು ನೋಡಿ ‘ಇದೆಂತ, ಎಲ್ಲ ಅಕ್ಷರಕ್ಕೂ ತೊಪ್ಪಿ ಹಾಕಿದ್ದಾರಲ್ಲ’ ಅಂತ ನಕ್ಕಿದ್ರು. ನಾಲ್ಕನೇ ವಾರಕ್ಕೆ ನಾನು ಚಾ ಕುಡಿಲಿಕ್ಕೆ ಹೊರಗೆ ಹೋಗಿ ಬರುವಷ್ಟರಲ್ಲಿ ಹನ್ನೊಂದು ಪುಸ್ತಕ ಅವರೇ ಬರ್ದಿದ್ರು, ಒಂದು ಒತ್ತಕ್ಷರ ಮಾತ್ರ ತಪ್ಪು. ಅಮ್ಮನಿಗೆ ಈಗ ಹೆಸರು ಹೇಳಿ ಪುಸ್ತಕ ತರಿಸ್ಲಿಕ್ಕೆ ಆಗ್ತದೆ.

ಚೇಚಿಗೆ ಹೋದ ವರ್ಷ ಪಿಎಸ್‌ಸಿ ಮೂಲಕ ಸರ್ಕಾರಿ ಕೆಲ್ಸ ಸಿಕ್ಕಿತು, ಹೋದ್ರು. ಈಗ ಬಂದ ಹುಡುಗ ಅದೇ ಕೋರ್ಸ್ ಮಾಡಿ ಬಂದವ, ಕನ್ನಡ ಅಕ್ಷರ ಬರುದಿಲ್ಲ. ಪುಸ್ತಕೋತ್ಸವದಿಂದ ತಂದ ನಲ್ವತ್ತು ಕನ್ನಡ ಪುಸ್ತಕ ಕಟ್ಟು ಬಿಚ್ಚದೆ ಮೇಜಿನ ಅಡಿಯಲ್ಲಿ ಉಂಟು, ‘ಚೇಟ (ಅಣ್ಣ), ಯಾವಾಗ ಬರ್ತೀರಿ’ ಅಂತ ನಿನ್ನೆ ಫೋನ್ ಮಾಡಿದ್ದ. ಈ ಆದಿತ್ಯವಾರ ಹೋಗ್ಬೇಕು.